ಧ್ರುವದ ಹವಳ, ನಮ್ಮೂರ ಕಲ್ಲು

ಕಳೆದ ವರ್ಷ ನಮ್ಮ ಕಾಲೇಜಿನ ಗೋಡೆಪತ್ರಿಕೆಯಲ್ಲಿ ‘ಹೊಸನಗರದಲ್ಲಿ ಹವಳ’ ಎಂಬ ಅರ್ಧ ಪುಟದ ಬರಹವೊಂದು ಪ್ರಕಟವಾಗಿದ್ದುದು ಕೆಲವರಿಗಾದರೂ ನೆನಪಿರಬಹುದು. ಅದನ್ನು ಬರೆದವನು ನಾನು. ಅದರಲ್ಲಿದ್ದ ಮುಖ್ಯ ಸಂಗತಿಯೇ ತಪ್ಪು. ಗೋಡೆಯ ಮೇಲೆ ತಪ್ಪು ಬರೆದವನು ತಿದ್ದುಪಡಿಯನ್ನು ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆಯಬೇಕಾದುದು ನ್ಯಾಯ. ಈ ಲೇಖನಕ್ಕೆ ಅದೇ ಕಾರಣ. ಆದರೆ ತಪ್ಪನ್ನು ತಿದ್ದಲು ಹೊರಟಾಗ ನನಗೆ ದೊರೆತ ಸಂಗತಿಗಳು ಆ ತಪ್ಪಿಗಿಂತಲೂ ಸ್ವಾರಸ್ಯವಾಗಿದ್ದುದರಿಂದ ಅವನ್ನು ಸಹಪಾಠಿಗಳ ಮುಂದಿಡುವ ಆಸೆಯೂ ಉಂಟು.

ನಡೆದುದಿಷ್ಟು. ಉತ್ತರ ಧ್ರುವದ ಹತ್ತಿರದ ಹಿಮದ ದ್ವೀಪಗಳಲ್ಲಿ, ಬಂಡೆಗಳೊಳಗೆ, ಹವಳದ ಪಳೆಯುಳಿಕೆಗಳು ದೊರೆಯುತ್ತವೆಂದು ಭೂಗೋಳದ ಪುಸ್ತಕವೊಂದರಲ್ಲಿ ಓದಿದೆ. ಹಿಮದ ನಾಡಿನಲ್ಲಿ ಹವಳವಿರುವುದಾದರೆ ನಮ್ಮ ಮಲೆನಾಡಿನಲ್ಲಿ ಏಕಿರಬಾರದು ಎಂಬ ಯೋಚನೆ ಹುಟ್ಟಿತು. ರಜೆಗೆ ಊರಿಗೆ ಹೋದಾಗ ಮನೆಯ ಹಿಂದಿನ ದರೆಯಲ್ಲಿ ಕೊಳವೆಯಂತಹ ತೂತುಗಳು ತುಂಬಿದ ಕಲ್ಲಿನ ತುಂಡೊಂದು ಕಣ್ಣಿಗೆ ಬಿತ್ತು. ಪುಸ್ತಕದಲ್ಲಿದ್ದ ಹವಳದ ಚಿತ್ರಕ್ಕೂ ಅದಕ್ಕೂ ಬಹಳ ಹೋಲಿಕೆ. ನನಗೆ ಅಷ್ಟೇ ಸಾಕಾಯಿತು. ಅದನ್ನು ನಮ್ಮ ತಂದೆಯವರಿಗೆ ತೋರಿಸಿ, ಇಲ್ಲಿ ಹಿಂದೆ ಸಮುದ್ರವಿತ್ತು, ಇದು ಹವಳ ಎಂದು ದೊಡ್ಡದಾಗಿ ಹೇಳಿದೆ. ನಮ್ಮ ತಂದೆ ಜಂಬಿಟ್ಟಿಗೆ ಕಲ್ಲು ಕಡಿಯುವ ಕೆಲಸದವರು. ಅವರು ನಕ್ಕು, “ಹವಳವೂ ಅಲ್ಲ, ಗಿವಳವೂ ಅಲ್ಲ ಮಾರಾಯ. ಜಂಬಿಟ್ಟಿಗೆಯ ಚೂರು. ಕಡಿಯುವಾಗ ಮೆತ್ತಗಿರ್ತದೆ, ಗಾಳಿ ಬಿಸಿಲು ಕಂಡ ಮೇಲೆ ಗಟ್ಟಿಯಾಗ್ತದೆ. ನಿನ್ನ ಹವಳ ಹಾಗೆ ಮಾಡ್ತದಾ?” ಎಂದರು. ಅಪ್ಪಯ್ಯನಿಗೆ ಪುಸ್ತಕದ ವಿಷಯ ತಿಳಿಯದೆಂದುಕೊಂಡು ನಾನು ಕಾಲೇಜಿಗೆ ಬಂದು ಬರೆದೇಬಿಟ್ಟೆ.

ಬರಹವನ್ನು ಓದಿದ ಭೂಗೋಳದ ಅಧ್ಯಾಪಕರು ನನ್ನನ್ನು ಗದರಿಸಲಿಲ್ಲ. “ಒಂದು ನಿಂಬೆಹಣ್ಣು ತಾ, ಒಂದು ಕಪ್ಪೆಚಿಪ್ಪು ತಾ, ನಿನ್ನ ಹವಳವನ್ನೂ ತಾ” ಎಂದರು. ಚಿಪ್ಪನ್ನು ಪುಡಿಮಾಡಿ ಅದರ ಮೇಲೆ ನಿಂಬೆರಸ ಹಿಂಡಿದಾಗ ಸಣ್ಣಗೆ ನೊರೆಯೆದ್ದಿತು. ನನ್ನ ಕಲ್ಲಿನ ಪುಡಿಯ ಮೇಲೆ ಹಿಂಡಿದಾಗ ಏನೂ ಆಗಲಿಲ್ಲ. ಕಪ್ಪೆಚಿಪ್ಪಿನಂತೆಯೇ ಹವಳವೂ ಸುಣ್ಣದ ವಸ್ತು. ಹುಳಿ ಸೋಕಿದರೆ ಅದರಿಂದ ಇಂಗಾಲಾಮ್ಲ ಅನಿಲ ಹೊರಬಂದು ನೊರೆಯೇಳುತ್ತದೆ. ಜಂಬಿಟ್ಟಿಗೆಯಲ್ಲಿ ಇರುವುದು ಮುಖ್ಯವಾಗಿ ಕಬ್ಬಿಣದ ತುಕ್ಕು ಮತ್ತು ಅಲ್ಯೂಮಿನಿಯಮ್ಮಿನ ಸಂಯುಕ್ತಗಳು. ನನ್ನ ಹವಳ ಅಲ್ಲಿಗೆ ಮುಗಿಯಿತು.

ಇನ್ನು ಧ್ರುವದ ಹವಳದ ವಿಷಯ. ಅದು ಸುಳ್ಳಲ್ಲ. ಹಾಗಾದರೆ ಅದು ಅಲ್ಲಿಗೆ ಹೇಗೆ ಬಂತು?

ಹವಳವೆಂದರೆ ನಮಗೆ ನೆನಪಾಗುವುದು ಅಕ್ಕಸಾಲಿಗರ ಅಂಗಡಿಯ ಕೆಂಪು ಮಣಿ. ವಾಸ್ತವವಾಗಿ ಅದು ಪಾಲಿಪ್ ಎಂಬ ಮೆತ್ತನೆಯ ಸಣ್ಣ ಪ್ರಾಣಿ ತನ್ನ ಸುತ್ತ ಕಟ್ಟಿಕೊಳ್ಳುವ ಸುಣ್ಣದ ಮನೆ. ಒಂದರ ಮೇಲೊಂದು ತಲೆಮಾರು ಮನೆ ಕಟ್ಟುತ್ತ ಹೋದಂತೆ ಸಮುದ್ರದಲ್ಲಿ ದಿಬ್ಬಗಳೇ ಏಳುತ್ತವೆ. ಲಕ್ಷದ್ವೀಪ ಅಂತಹ ದಿಬ್ಬಗಳ ಮೇಲೆ ನಿಂತ ನಾಡು. ನಮಗೆ ಇನ್ನೂ ಹತ್ತಿರವೆಂದರೆ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪ. ಅದರ ಸುತ್ತಲ ನೀರಿನಲ್ಲಿ ಇಂದಿಗೂ ಜೀವಂತ ಹವಳಗಳಿವೆ. ದಿಬ್ಬ ಕಟ್ಟುವ ಹವಳಗಳ ಮೈಯೊಳಗೆ ಒಂದು ಬಗೆಯ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬಿಸಿಲಿನಿಂದ ಅದು ಮಾಡಿದ ಆಹಾರದಲ್ಲಿ ಹವಳಕ್ಕೂ ಪಾಲು. ಆದುದರಿಂದ ಇಂತಹ ಹವಳಕ್ಕೆ ಬೆಳಕು ಇಳಿಯುವ ತಿಳಿನೀರು ಬೇಕು, ಸುಮಾರು ೧೮ ಡಿಗ್ರಿಗಿಂತ ಕಡಿಮೆಯಾಗದ ಬೆಚ್ಚನೆಯೂ ಬೇಕು. ಭೂಮಧ್ಯರೇಖೆಯ ಎರಡೂ ಕಡೆ ೩೦ ಡಿಗ್ರಿ ಅಕ್ಷಾಂಶದೊಳಗೇ ಇಂದಿನ ಹವಳದಿಬ್ಬಗಳು ಬಹುಮಟ್ಟಿಗೆ ಇರುವುದಕ್ಕೆ ಇದೇ ಕಾರಣ.

ಈಗ ಭೂಪಟದಲ್ಲಿ ಉತ್ತರದ ತುದಿಗೆ ಹೋಗೋಣ. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳು ೭೪ರಿಂದ ೮೧ ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಹರಡಿವೆ. ಅಲ್ಲಿಯ ನೀ-ಓಲೆಸುಂಡ್ ಎಂಬಲ್ಲಿ ನಮ್ಮ ದೇಶವೂ ೨೦೦೮ರಲ್ಲಿ ‘ಹಿಮಾದ್ರಿ’ ಎಂಬ ಸಂಶೋಧನಾ ಕೇಂದ್ರವನ್ನು ತೆರೆಯಿತು. ವರ್ಷದಲ್ಲಿ ತಿಂಗಳುಗಟ್ಟಲೆ ಸೂರ್ಯನೇ ಕಾಣದ ಆ ನಾಡಿನಲ್ಲಿ ಸುಮಾರು ೩೦ ಕೋಟಿ ವರ್ಷ ಹಳೆಯ ಸುಣ್ಣಕಲ್ಲಿನ ಬೆಟ್ಟಗಳಿವೆ; ಅವುಗಳಲ್ಲಿ ಹವಳಗಳ ಪಳೆಯುಳಿಕೆಗಳಿವೆ. ಕೆನಡದ ಉತ್ತರದ ದ್ವೀಪಗಳಲ್ಲಿ ಇನ್ನೂ ಹಳೆಯವು ಉಂಟು. ೧೮೪೫ರಲ್ಲಿ ಇಂಗ್ಲೆಂಡಿನಿಂದ ಹೊರಟು ಹಿಮದಲ್ಲಿ ಕಣ್ಮರೆಯಾದ ಫ್ರಾಂಕ್ಲಿನ್ನನ ಹಡಗುಗಳನ್ನು ಹುಡುಕಲು ಹೋದ ಮಕ್ಲಿಂಟಾಕ್ ಎಂಬ ನಾವಿಕ, ಕಾಣೆಯಾದವರ ಸುದ್ದಿಯ ಜೊತೆಗೆ ಕಲ್ಲುಗಳನ್ನೂ ತಂದನು. ಡಬ್ಲಿನ್ನಿನ ಹಾಟನ್ ಎಂಬ ವಿದ್ವಾಂಸರು ಅವನ್ನು ಪರೀಕ್ಷಿಸಿ ಅವುಗಳಲ್ಲಿ ಹವಳಗಳನ್ನು ಗುರುತಿಸಿದರು.

ದಕ್ಷಿಣ ಧ್ರುವದ ಕಡೆಯೂ ಇದೇ ಕಥೆ. ಶ್ಯಾಕಲ್ಟನ್ನನ ೧೯೦೭–೦೯ರ ದಂಡಯಾತ್ರೆಯವರು ಅಂಟಾರ್ಕ್ಟಿಕದ ಬಿಯರ್ಡ್‌ಮೋರ್ ಹಿಮನದಿಯ ಬಳಿ ಎತ್ತಿಕೊಂಡು ಬಂದ ಸುಣ್ಣಕಲ್ಲಿನಲ್ಲಿ ಆರ್ಕಿಯೋಸಯಾತ್ ಎಂಬ ಜೀವಿಗಳ ಉಳಿಕೆ ದೊರೆಯಿತು. ಇವು ಹವಳಗಳಲ್ಲ, ಸ್ಪಂಜಿನ ಬಳಗದವು. ಆದರೆ ಹವಳಕ್ಕಿಂತ ಮುಂಚೆ, ೫೦ ಕೋಟಿ ವರ್ಷಗಳಿಗೂ ಹಿಂದೆ, ಬೆಚ್ಚನೆಯ ಕಡಲುಗಳಲ್ಲಿ ದಿಬ್ಬ ಕಟ್ಟುತ್ತಿದ್ದವು. ಅದೇ ಹಿಮನದಿಯ ದಾರಿಯಲ್ಲಿ ೧೯೧೨ರಲ್ಲಿ ಹಿಂದಿರುಗುತ್ತಿದ್ದ ಸ್ಕಾಟ್ ಮತ್ತು ಸಂಗಡಿಗರು ಸುಮಾರು ೧೬ ಕಿಲೋ ತೂಕದ ಕಲ್ಲುಗಳನ್ನು ಕಡೆಯವರೆಗೂ ಎಳೆದು ತಂದರು. ಹಸಿವು ಚಳಿಗಳಿಂದ ಅವರು ಸತ್ತ ಗುಡಾರದ ಬಳಿ ಆ ಕಲ್ಲುಗಳು ಸಿಕ್ಕಿದವು. ಅವುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಗಿಡದ ಎಲೆಯ ಅಚ್ಚಿತ್ತು. ನಮ್ಮ ದೇಶದ ಕಲ್ಲಿದ್ದಲ ಗಣಿಗಳಲ್ಲಿ ಸಿಗುವ ಎಲೆಯೂ ಅದೇ.

ಇದನ್ನು ವಿವರಿಸಲು ಎರಡು ದಾರಿಗಳಿದ್ದವು. ಹಿಂದೆ ಇಡೀ ಭೂಮಿಯೇ ಬೆಚ್ಚಗಿದ್ದು ಧ್ರುವದಲ್ಲಿಯೂ ಹವಳ ಬೆಳೆಯಿತೆನ್ನುವುದು ಒಂದು. ಹವಳ ಬೆಳೆದದ್ದು ಬೆಚ್ಚನೆಯ ಕಡಲಿನಲ್ಲೇ, ಆಮೇಲೆ ಆ ನೆಲವೇ ಧ್ರುವದ ಕಡೆಗೆ ಸರಿಯಿತೆನ್ನುವುದು ಇನ್ನೊಂದು. ಎರಡನೆಯದನ್ನು ೧೯೧೨ರಲ್ಲಿ ಜರ್ಮನಿಯ ವೆಗೆನರ್ ಧೈರ್ಯವಾಗಿ ಸಾರಿದಾಗ ಹಲವರು ನಕ್ಕರು. ಬೆಟ್ಟ ನಡೆಯುವುದೆಂದರೆ ಯಾರು ನಂಬಿಯಾರು? ೧೯೩೦ರಲ್ಲಿ ಆತ ಗ್ರೀನ್‌ಲೆಂಡಿನ ಹಿಮದಲ್ಲೇ ತೀರಿಕೊಂಡನು. ಸಮುದ್ರದ ತಳ ನಡುವೆ ಬಿರಿದು ಎರಡೂ ಕಡೆಗೆ ಸರಿಯುತ್ತಿದೆಯೆಂಬುದಕ್ಕೆ ೧೯೬೦ರ ದಶಕದಲ್ಲಿ ಸಾಕ್ಷ್ಯ ದೊರೆತ ಮೇಲೆ ನಕ್ಕವರು ಸುಮ್ಮನಾದರು.

ಈ ನಡಿಗೆ ಅಷ್ಟು ವಿಚಿತ್ರವೇನಲ್ಲ ಎಂಬುದನ್ನು ಒಂದು ಲೆಕ್ಕದಿಂದ ತೋರಿಸಬಹುದು. ಸ್ವಾಲ್ಬಾರ್ಡ್ ಸುಮಾರು ೩೫ ಕೋಟಿ ವರ್ಷಗಳ ಹಿಂದೆ ಭೂಮಧ್ಯರೇಖೆಯ ಆಸುಪಾಸಿನಲ್ಲಿತ್ತು. ಇಂದು ೭೮ ಡಿಗ್ರಿಯಲ್ಲಿದೆಯೆಂದು ಹಿಡಿದರೆ, ಡಿಗ್ರಿಗೆ ೧೧೧ ಕಿಲೋಮೀಟರಿನಂತೆ ಅದು ಸರಿದ ದೂರ ಸುಮಾರು ೮,೬೫೦ ಕಿಲೋಮೀಟರ್. ಅದನ್ನು ೩೫ ಕೋಟಿ ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಎರಡೂವರೆ ಸೆಂಟಿಮೀಟರ್ ಆಗುತ್ತದೆ. ನಮ್ಮ ಬೆರಳಿನ ಉಗುರು ವರ್ಷದಲ್ಲಿ ಇದಕ್ಕಿಂತ ತುಸು ಹೆಚ್ಚೇ ಬೆಳೆಯುತ್ತದೆ. ವೇಗ ಅಲ್ಪ, ಕಾಲ ಅಪಾರ. ಬೆಟ್ಟ ನಡೆದದ್ದು ಹೀಗೆ.

ಆದರೆ ನಾನು ಒಮ್ಮೆ ಹೋಲಿಕೆಯನ್ನು ನಂಬಿ ಮೋಸಹೋದವನು. ಆದುದರಿಂದ ಈ ಮಾತನ್ನೂ ಪರೀಕ್ಷಿಸಿಯೇ ಒಪ್ಪಬೇಕೆನಿಸಿತು. ಹವಳ ಕಂಡಲ್ಲೆಲ್ಲ ಬೆಚ್ಚನೆಯ ಕಡಲಿತ್ತೆಂದು ಹೇಳಲು ಬರುವುದಿಲ್ಲ. ಪಾಚಿಯ ನೆರವಿಲ್ಲದೆ, ಕತ್ತಲೆಯ ತಣ್ಣನೆಯ ಆಳದಲ್ಲಿ ಬೆಳೆಯುವ ಹವಳಗಳೂ ಇವೆ. ನಾರ್ವೆಯ ಕರಾವಳಿಯಾಚೆ ಆರ್ಕ್ಟಿಕ್ ವೃತ್ತದ ಉತ್ತರಕ್ಕೆ ೨೦೦೨ರಲ್ಲಿ ಪತ್ತೆಯಾದ ರೋಸ್ಟ್ ದಿಬ್ಬ ಮೂವತ್ತು ಕಿಲೋಮೀಟರಿಗೂ ಉದ್ದವಾಗಿದೆ. ಅಲ್ಲದೆ ಆ ಪುರಾತನ ಹವಳಗಳು ಇಂದಿನ ಹವಳಗಳ ನೇರ ಪೂರ್ವಜರೂ ಅಲ್ಲ. ಕೊಂಬಿನಂತಿದ್ದ ರುಗೋಸ, ಜೇನುಗೂಡಿನಂತಿದ್ದ ಟ್ಯಾಬುಲೇಟ ಎಂಬ ಆ ಎರಡು ಬಳಗಗಳೂ ಸುಮಾರು ೨೫ ಕೋಟಿ ವರ್ಷಗಳ ಹಿಂದಿನ ಮಹಾನಾಶದೊಂದಿಗೆ ಇಲ್ಲವಾದವು. ಹೀಗಿರುವಾಗ ಹವಳದ ಒಂದೇ ಸಾಕ್ಷಿ ಸಾಲದು. ಸ್ವಾಲ್ಬಾರ್ಡಿನಲ್ಲಿ ಬೇರೆ ಸಾಕ್ಷಿಗಳೂ ಉಂಟು. ಹವಳದ ಕಲ್ಲುಗಳ ಜೊತೆಯ ಪದರಗಳಲ್ಲಿಯೇ ಜಿಪ್ಸಮ್ ದೊರೆಯುತ್ತದೆ. ಉಪ್ಪಿನಾಗರಗಳಲ್ಲಿ ನಡೆಯುವಂತೆ, ಬಿಸಿಲಿಗೆ ಕಡಲ ನೀರು ಇಂಗಿದಾಗ ಉಳಿಯುವ ವಸ್ತು ಅದು; ಹಿಮದ ನಾಡಿನಲ್ಲಿ ಹಾಗೆ ರಾಶಿಯಾಗಿ ಉಂಟಾಗದು. ಕಲ್ಲು ಹುಟ್ಟಿದಾಗ ಅದರೊಳಗಿನ ಕಬ್ಬಿಣದ ಕಣಗಳು ಅಯಸ್ಕಾಂತದ ಮುಳ್ಳಿನಂತೆ ನಿಂತ ದಿಕ್ಕು ಮತ್ತು ಓಟದಿಂದ ಅಂದಿನ ಅಕ್ಷಾಂಶವನ್ನೂ ಲೆಕ್ಕ ಹಾಕುತ್ತಾರೆ. ಮೂವರೂ ಒಂದೇ ಮಾತು ಹೇಳಿದಾಗ ನಂಬಬಹುದು.

ಹವಳ ಸ್ಥಳವನ್ನು ಮಾತ್ರವಲ್ಲ, ಕಾಲವನ್ನೂ ಹೇಳುತ್ತದೆ. ಹವಳದ ಮೈಮೇಲೆ ದಿನಕ್ಕೊಂದರಂತೆ ನವಿರಾದ ಗೆರೆಗಳು ಬೆಳೆಯುತ್ತವೆ. ವರ್ಷಕ್ಕೊಂದು ದಪ್ಪ ಪಟ್ಟೆ ಕಾಣುತ್ತದೆ. ಅಮೆರಿಕದ ಜಾನ್ ವೆಲ್ಸ್ ಎಂಬ ವಿಜ್ಞಾನಿ ಸುಮಾರು ೩೮ ಕೋಟಿ ವರ್ಷಗಳ ಹಿಂದಿನ ಹವಳಗಳಲ್ಲಿ ಈ ಗೆರೆಗಳನ್ನು ಎಣಿಸಿದಾಗ ವರ್ಷಕ್ಕೆ ೩೬೫ ಅಲ್ಲ, ಸುಮಾರು ೪೦೦ ಗೆರೆಗಳು ಸಿಕ್ಕವು. ಇದನ್ನು ಅವರು ೧೯೬೩ರಲ್ಲಿ ಪ್ರಕಟಿಸಿದರು. ಅಂದರೆ ಆಗ ವರ್ಷಕ್ಕೆ ೪೦೦ ದಿನಗಳು, ದಿನಕ್ಕೆ ೨೨ ಗಂಟೆ! ಚಂದ್ರನಿಂದ ಏಳುವ ಭರತ ಇಳಿತಗಳ ಘರ್ಷಣೆ ಭೂಮಿಯ ತಿರುಗುವಿಕೆಯನ್ನು ನಿಧಾನಗೊಳಿಸುತ್ತ ಬಂದಿರುವುದರಿಂದ ದಿನ ಉದ್ದವಾಗುತ್ತ ಬಂದಿದೆಯೆಂದು ಖಗೋಳದವರು ಮೊದಲೇ ಹೇಳಿದ್ದರು. ಬಾಯಿಲ್ಲದ ಹವಳ ಅದಕ್ಕೆ ಸಾಕ್ಷಿ ನುಡಿಯಿತು.

ಸ್ವಾಲ್ಬಾರ್ಡಿನಲ್ಲಿ ಹವಳ ಬೆಳೆಯುತ್ತಿದ್ದ ಕಾಲಕ್ಕೆ ನಮ್ಮ ದೇಶದಲ್ಲಿ ಏನಿತ್ತು? ಇದರ ಉತ್ತರ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಭಾರತವು ಆಗ ದಕ್ಷಿಣ ಅಮೆರಿಕ, ಆಫ್ರಿಕ, ಆಸ್ಟ್ರೇಲಿಯ, ಅಂಟಾರ್ಕ್ಟಿಕಗಳೊಡನೆ ಒಂದೇ ಭೂಖಂಡವಾಗಿ ದಕ್ಷಿಣ ಧ್ರುವದ ಕಡೆಗಿತ್ತು. ಆ ಭೂಖಂಡಕ್ಕೆ ಗೊಂಡ್ವಾನ ಎಂಬ ಹೆಸರು ಬಂದದ್ದು ನಮ್ಮ ಮಧ್ಯಭಾರತದ ಗೊಂಡರ ನಾಡಿನಿಂದ. ಈಗ ಛತ್ತೀಸಗಢಕ್ಕೆ ಸೇರಿದ ಮನೇಂದ್ರಗಢದ ಹಸದೇವ್ ನದಿಯ ದಂಡೆಯಲ್ಲಿ ಸುಮಾರು ೨೮–೨೯ ಕೋಟಿ ವರ್ಷ ಹಳೆಯ ಕಡಲ ಚಿಪ್ಪುಗಳಿವೆ. ೧೯೫೪ರಲ್ಲಿ ಇವು ಬೆಳಕಿಗೆ ಬಂದವು. ಅವುಗಳಲ್ಲಿ ಯೂರಿಡೆಸ್ಮ ಎಂಬುದು ತಣ್ಣೀರಿನಲ್ಲಿ ಬದುಕುತ್ತಿದ್ದ ದಪ್ಪ ಚಿಪ್ಪಿನ ಪ್ರಾಣಿ. ಆ ಪದರಗಳ ಕೆಳಗೆ ಹಿಮನದಿಗಳು ಉರುಳಿಸಿ ತಂದ ಗುಂಡುಗಳಿವೆ. ಎಂದರೆ ಹಿಮ ಆಗ ನಮ್ಮಲ್ಲಿತ್ತು, ಹವಳ ಅಲ್ಲಿತ್ತು! ಧ್ರುವಸಮುದ್ರದ ಪುರಾತನ ಜೀವಿಗಳನ್ನು ನೋಡಬೇಕಾದವರು ಧ್ರುವಕ್ಕೇ ಹೋಗಬೇಕಾಗಿಲ್ಲ. ಮಧ್ಯಭಾರತದ ಬಿಸಿಲಿಗೆ ಹೋದರೂ ಸಾಕು.

ಆ ಮಹಾಖಂಡ ಒಡೆದ ಗುರುತು ನಮ್ಮ ಬಾಗಿಲಲ್ಲೇ ಇದೆ. ತೀರ್ಥಹಳ್ಳಿಯಿಂದ ಆಗುಂಬೆ ಘಟ್ಟವಿಳಿದು ಉಡುಪಿಗೆ ಹೋದರೆ ಮಲ್ಪೆಯ ಎದುರಿಗೆ ಸೇಂಟ್ ಮೇರೀಸ್ ದ್ವೀಪಗಳು. ಅಲ್ಲಿಯ ಕಂಬ ಕಂಬದ ಕಲ್ಲುಗಳು ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಉಕ್ಕಿ ಬಂದ ಲಾವಾರಸ ಆರಿ ಸೀಳಿದುದರಿಂದ ಆದವು. ಪ್ರವಾಸದಲ್ಲಿ ನಾವೆಲ್ಲ ಅವುಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತೇವೆ. ಒಂದು ಭೂಖಂಡ ಹರಿದ ಅಂಚಿನಲ್ಲಿ ನಿಂತಿದ್ದೇವೆಂಬುದು ಯಾರ ನೆನಪಿಗೂ ಬರುವುದಿಲ್ಲ.

ಹಾಗಿದ್ದರೂ ಘಟ್ಟದ ಮೇಲಿನ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಬಂಡೆಗಳಲ್ಲಿ ಹವಳವನ್ನು ಹುಡುಕುವುದು ವ್ಯರ್ಥ. ಸಮುದ್ರ ಇಲ್ಲಿಗೆ ಬಂದಿರಲಿಲ್ಲವೆಂದಲ್ಲ. ಕೊಂಬಿನ ಹವಳಗಳ ಬಳಗ ಹುಟ್ಟಿದ್ದು ಸುಮಾರು ೪೭ ಕೋಟಿ ವರ್ಷಗಳ ಈಚೆಗೆ. ನಮ್ಮ ಮೂಲಬಂಡೆಗಳು ೨೫೦ ಕೋಟಿ ವರ್ಷಗಳಿಗೂ ಹಳೆಯವು. ಅವು ಹುಟ್ಟಿದಾಗ ಹವಳವಿರಲಿ, ಯಾವ ಪ್ರಾಣಿಯೂ ಲೋಕದಲ್ಲಿರಲಿಲ್ಲ. ಮುತ್ತಜ್ಜನ ಪೆಟ್ಟಿಗೆಯಲ್ಲಿ ಮೊಮ್ಮಗನ ಅಂಗಿಯನ್ನು ಹುಡುಕಿದಂತಾಗಿತ್ತು ನನ್ನ ಕೆಲಸ.

ಪ್ರಾಣಿಗಳಿರಲಿಲ್ಲ, ಆದರೆ ಜೀವವಿತ್ತು. ಸಾಗರದಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಆನಂದಪುರ ದಾಟಿದ ಮೇಲೆ ಕುಂಸಿ ಎಂಬ ಊರು ಬರುತ್ತದೆ. ಮ್ಯಾಂಗನೀಸ್ ಗಣಿಗಳಿಂದ ಹೆಸರಾಗಿದ್ದ ಊರು. ಆ ಸುತ್ತಿನ ಡಾಲೊಮೈಟ್ ಎಂಬ ಸುಣ್ಣದ ಜಾತಿಯ ಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿರುವುದನ್ನು ೧೯೮೦ರ ದಶಕದಲ್ಲಿ ಭೂವಿಜ್ಞಾನಿಗಳು ವರದಿಮಾಡಿದರು. ಚಿತ್ರದುರ್ಗದ ಕಡೆಯ, ಸಂಡೂರಿನ ಕಡೆಯ ಪುರಾತನ ಕಲ್ಲುಗಳಲ್ಲಿಯೂ ಇವು ಕಂಡುಬಂದಿವೆ. ಸ್ಟ್ರೊಮ್ಯಾಟೊಲೈಟ್ ಎಂದರೆ ಹೀಗೆ: ಆಳವಿಲ್ಲದ ಕಡಲಂಚಿನಲ್ಲಿ ಕಣ್ಣಿಗೆ ಕಾಣದ ನೀಲಿಹಸಿರು ಜೀವಾಣುಗಳು ಲೋಳೆಯ ಚಾಪೆಯಂತೆ ಹಬ್ಬುತ್ತವೆ. ನೀರು ತಂದ ನವಿರಾದ ಕೆಸರು, ಸುಣ್ಣ ಅದರ ಮೇಲೆ ಕೂರುತ್ತದೆ. ಬಿಸಿಲಿಗಾಗಿ ಜೀವಾಣುಗಳು ಮೇಲೆದ್ದು ಮತ್ತೊಂದು ಚಾಪೆ ಹಾಸುತ್ತವೆ. ಹೀಗೆ ಪದರದ ಮೇಲೆ ಪದರ ಕೂಡಿ ಕಲ್ಲಾದಾಗ, ಕತ್ತರಿಸಿದ ಎಲೆಕೋಸಿನೊಳಗಿನ ಸುತ್ತುಗಳಂತೆ ಕಾಣುತ್ತದೆ. ಆಸ್ಟ್ರೇಲಿಯದ ಪಶ್ಚಿಮ ತೀರದ ಶಾರ್ಕ್ ಕೊಲ್ಲಿಯಲ್ಲಿ ಇಂದಿಗೂ ಇವು ಬೆಳೆಯುತ್ತಿವೆ. ಧ್ರುವದ ಹವಳಕ್ಕೆ ೩೦ ಕೋಟಿ ವರ್ಷವೆಂದು ನಾನು ಬೆರಗಾಗಿದ್ದೆ. ನನ್ನ ಬಸ್ಸಿನ ಕಿಟಕಿಯಾಚೆ ಅದರ ಎಂಟು ಪಟ್ಟಿಗೂ ಹೆಚ್ಚು ವಯಸ್ಸಿನ ಕಡಲಜೀವದ ಗುರುತು ಇದ್ದುದನ್ನು ಅರಿಯದೆ ಮೂರು ವರ್ಷ ಓಡಾಡಿದೆ.

ಈ ಕಥೆ ಮತ್ತೆ ಅಪ್ಪಯ್ಯನ ಕಲ್ಲಿಗೇ ಬಂದು ಮುಟ್ಟುತ್ತದೆ. ಬುಕಾನನ್ ಎಂಬ ಪ್ರವಾಸಿ ೧೮೦೦–೧೮೦೧ರಲ್ಲಿ ಮೈಸೂರು, ಮಲಬಾರು ಸೀಮೆಗಳನ್ನು ಸುತ್ತಿ, ನಮ್ಮ ಇಕ್ಕೇರಿ, ನಗರಗಳ ಮೇಲೆಯೂ ಹಾದುಹೋದನು. ೧೮೦೭ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಈ ಜಾತಿಯ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಇಲ್ಲಿಯ ಜನ ಇದನ್ನು ಇಟ್ಟಿಗೆಕಲ್ಲು ಎನ್ನುತ್ತಾರೆಂದು ಅವನೇ ಬರೆದಿದ್ದಾನೆ. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವುದೇ ಇದರ ಲಕ್ಷಣವೆಂದೂ ಅಲ್ಲಿದೆ. ಅಪ್ಪಯ್ಯ ನನಗೆ ಹೇಳಿದ್ದು ಅಕ್ಷರಶಃ ಅದೇ ಮಾತು. ಪುಸ್ತಕದಲ್ಲಿದ್ದಿದ್ದರೆ ನಾನು ಅಡಿಗೆರೆ ಹಾಕಿ ಓದುತ್ತಿದ್ದೆ. ಅಪ್ಪಯ್ಯ ಹೇಳಿದರೆಂದು ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮೊದಲಿಗನಿಗೆ ಈ ಬಗೆಯ ಕಿವುಡು ಬರುವುದು ಸುಲಭವೆಂದು ಈಗ ತಿಳಿದಿದ್ದೇನೆ.

ಹುಲಿಕಲ್ಲು, ಆಗುಂಬೆಗಳಲ್ಲಿ ಸುರಿಯುವಂತಹ ಮಳೆ, ಅದರ ಬೆನ್ನಿಗೆ ಬಿಸಿಲು, ಹೀಗೆ ಲಕ್ಷಾಂತರ ವರ್ಷ ನಡೆದಾಗ ಬಂಡೆಯಲ್ಲಿದ್ದ ಸುಣ್ಣ, ಮರಳಿನ ಅಂಶಗಳು ಕರಗಿ ಹೋಗಿ ಕಬ್ಬಿಣ, ಅಲ್ಯೂಮಿನಿಯಮ್‌ಗಳು ಉಳಿಯುತ್ತವೆ. ಮೆತ್ತನೆಯ ಜೇಡಿ ತೊಳೆದುಹೋದಲ್ಲಿ ತೂತುಗಳಾಗುತ್ತವೆ. ನಾನು ಹವಳವೆಂದುಕೊಂಡದ್ದು ಈ ತೂತುಗಳನ್ನು. ಇನ್ನು ಅದರ ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು. ತುಕ್ಕು ಹಿಡಿಯಲು ಗಾಳಿಯಲ್ಲಿ ಆಮ್ಲಜನಕ ಬೇಕು. ಭೂಮಿಯ ಮೊದಲ ಗಾಳಿಯಲ್ಲಿ ಅದು ಇರಲಿಲ್ಲವೆನ್ನಬಹುದು. ಬಿಸಿಲಿನಿಂದ ಆಹಾರ ಮಾಡಿಕೊಳ್ಳುತ್ತ ಆಮ್ಲಜನಕವನ್ನು ಹೊರಬಿಟ್ಟು, ಸುಮಾರು ೨೪೦ ಕೋಟಿ ವರ್ಷಗಳ ಹಿಂದೆ ಗಾಳಿಯನ್ನೇ ಬದಲಿಸಿದ್ದು ಸ್ಟ್ರೊಮ್ಯಾಟೊಲೈಟ್‌ಗಳನ್ನು ಕಟ್ಟಿದ ಆ ನೀಲಿಹಸಿರು ಜೀವಾಣುಗಳ ಬಳಗ. ಅವು ಇಲ್ಲದಿದ್ದರೆ ನಮ್ಮ ದರೆ ಕೆಂಪಾಗುತ್ತಿರಲಿಲ್ಲ, ಅದನ್ನು ಕಡಿಯಲು ಉಸಿರಾಡುವ ಮನುಷ್ಯನೂ ಇರುತ್ತಿರಲಿಲ್ಲ. ನನ್ನ ಕಲ್ಲಿನಲ್ಲಿ ಹವಳವಿರಲಿಲ್ಲ. ಆದರೆ ಪುರಾತನ ಕಡಲಿನ ಜೀವಕ್ಕೂ ಅದಕ್ಕೂ ಸಂಬಂಧವೇ ಇಲ್ಲವೆಂದರೆ ಅದೂ ಇನ್ನೊಂದು ತಪ್ಪಾದೀತು.

ಕಡೆಯದಾಗಿ ಒಂದು ಸಲಹೆ. ನಮ್ಮ ಕಾಲೇಜಿಗೆ ಮೂರು ತಾಲ್ಲೂಕುಗಳ ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಸಣ್ಣ ಕಲ್ಲನ್ನು ತಂದು, ಊರಿನ ಹೆಸರು, ಸಿಕ್ಕಿದ ಜಾಗ, ಊರಿನವರು ಅದನ್ನು ಕರೆಯುವ ಹೆಸರು, ಅದರ ಬಗ್ಗೆ ಅವರು ಹೇಳುವ ಮಾತು ಇಷ್ಟನ್ನು ಚೀಟಿಯಲ್ಲಿ ಬರೆದು ಭೂಗೋಳ ವಿಭಾಗದ ಕಪಾಟಿನಲ್ಲಿ ಇಟ್ಟರೆ ಒಳ್ಳೆಯ ಸಂಗ್ರಹವಾದೀತು. ಕುಂಸಿಯ ಪದರಗಲ್ಲನ್ನು ಮಾತ್ರ ಯಾರೂ ಒಡೆದು ತರಬಾರದು. ಅದನ್ನು ಅಲ್ಲಿಗೇ ಹೋಗಿ ನೋಡಿ ಬರೋಣ. ಮೊದಲ ಕಲ್ಲನ್ನು ನಾನು ಇಟ್ಟಿದ್ದೇನೆ. ಚೀಟಿಯಲ್ಲಿ ‘ಜಂಬಿಟ್ಟಿಗೆ, ಹೊಸನಗರ ತಾಲ್ಲೂಕು’ ಎಂದು ಬರೆದಿದೆ. ಅದರ ಕೆಳಗೆ ಅಪ್ಪಯ್ಯನ ಮಾತೂ ಇದೆ.